ಕಟ್ಟೆಮಳಲವಾಡಿಯಿಂದ ಕರಿನೀರಿನಾಚೆಗೆ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಎಂಬ ಊರಿನ ಹೆಸರಿನಲ್ಲಿಯೇ ಒಂದು ನದಿ ಅಡಗಿದೆ. ಕಟ್ಟೆಯೆಂದರೆ ನೀರಿಗೆ ಅಡ್ಡಲಾಗಿ ಹಾಕಿದ ಒಡ್ಡು. ಮಳಲು ಎಂದರೆ ಮರಳು. ಈ ಕಟ್ಟೆ ಇರುವುದು ಲಕ್ಷ್ಮಣತೀರ್ಥಕ್ಕೆ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಬಂಡೆಗಳ ಮೇಲಿಂದ ಧುಮುಕಿ, ಹುಣಸೂರಿನ ಸೀಮೆಯನ್ನು ತೋಯಿಸಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ನದಿ ಇದು. ಸೀತೆಯನ್ನು ಅರಸುತ್ತ ಬಂದ ಅಣ್ಣನ ಬಾಯಾರಿಕೆಯನ್ನು ತಣಿಸಲು ಲಕ್ಷ್ಮಣನು ಬೆಟ್ಟಕ್ಕೆ ಬಾಣ ಬಿಟ್ಟು ನೀರು ಬರಿಸಿದನೆಂದು ಸ್ಥಳಪುರಾಣ ಹೇಳುತ್ತದೆ.

ಆ ಅರಸಾಟ ಮುಗಿದದ್ದು ಒಂದು ದ್ವೀಪದಲ್ಲಿ. ಅಲ್ಲಿಂದ ಹಿಂದಿರುಗಿ ಬಂದದ್ದು ವಿಮಾನದಲ್ಲಿ. ಪುಷ್ಪಕದಲ್ಲಿ ಎಷ್ಟು ಮಂದಿ ಏರಿದರೂ ಇನ್ನೊಬ್ಬರಿಗೆ ಎಡೆ ಉಳಿದೇ ಇರುತ್ತಿತ್ತೆಂದು ನಮ್ಮ ಹಿರಿಯರು ಕಥೆ ಹೇಳುತ್ತಿದ್ದರು. ವಾನರರು, ರಾಕ್ಷಸರು, ರಾಜಕುಮಾರರು ಎಲ್ಲರೂ ಒಂದೇ ವಿಮಾನದಲ್ಲಿ ಕುಳಿತು ಬಂದರು. ವಾನರರಿಗೆ ಹಿಂದಿನ ಸಾಲು, ರಾಜಕುಮಾರರಿಗೆ ಮುಂದಿನ ಸಾಲು ಎಂದು ಯಾರೂ ಚೀಟಿ ಹಂಚಿದಂತೆ ಕಾಣುವುದಿಲ್ಲ.

ಇಂದಿನ ವಿಮಾನಗಳಲ್ಲಿ ದರ್ಜೆಗಳಿವೆ, ದರ್ಜೆಗಳೊಳಗೆ ಒಳದರ್ಜೆಗಳಿವೆ, ಒಂದೊಂದಕ್ಕೂ ಒಂದೊಂದು ಬೆಲೆಯಿದೆ. ಮಧ್ಯಮವರ್ಗದ ಕುಟುಂಬವೊಂದು ದ್ವೀಪವಿಹಾರದ ಮಾತೆತ್ತಿದೊಡನೆ, ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯ ಬೆನ್ನಿಗೇ ವಿಮಾನದ ಯಾವ ಭಾಗದಲ್ಲಿ ಕೂರುವುದು ಎಂಬ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಈ ಬಾರಿ ಕಟ್ಟೆಮಳಲವಾಡಿಯ ನನ್ನ ಮಾವನವರ ಮನೆಯ ಜಗುಲಿಯ ಮೇಲೆ ಆ ಪ್ರಶ್ನೆ ಮೂರು ದಿನ ಚರ್ಚೆಗೆ ಒಳಗಾಯಿತು. ಅದರಿಂದ ತಿಳಿದುಬಂದ ಸಂಗತಿಗಳು ಇತರರಿಗೂ ಉಪಯುಕ್ತವಾದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೊಗೆಸೊಪ್ಪಿನ ಪಂಚಾಂಗ

ಈ ಊರಿನಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಿನ ಹಳ್ಳಿಗಳ ಬದುಕು ಅದರ ಗತಿಗೆ ಹೊಂದಿಕೊಂಡು ನಡೆಯುತ್ತದೆ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಹದಕ್ಕೆ ನಾಟಿ, ಮಳೆಗಾಲದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಹಗಲಿರುಳು ಬೆಂಕಿ ಕಾಯುವುದು, ಆಮೇಲೆ ಹರಾಜು. ಹರಾಜು ಮುಗಿದು ಮುಂದಿನ ನಾಟಿಗೆ ಕೈಹಾಕುವ ಮುನ್ನ ದೊರೆಯುವ ಕೆಲವು ವಾರಗಳೇ ಇಲ್ಲಿಯ ರೈತನ ರಜೆ. ಕಡಲಿಗೂ ಒಂದು ಪಂಚಾಂಗವುಂಟು. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್, ಅಂಡಮಾನುಗಳ ಸುತ್ತ ಸಮುದ್ರ ಕೆರಳಿರುತ್ತದೆ; ಡಿಸೆಂಬರಿನಿಂದ ಏಪ್ರಿಲಿನವರೆಗೆ ಶಾಂತವಾಗಿರುತ್ತದೆ. ಹೊಗೆಸೊಪ್ಪಿನ ಪಂಚಾಂಗವೂ ಕಡಲಿನ ಪಂಚಾಂಗವೂ ಮಾರ್ಚಿ ತಿಂಗಳಿನಲ್ಲಿ ಕೂಡಿಬರುತ್ತವೆ.

ಮಾವನವರಿಗೆ ಎಪ್ಪತ್ತು ತುಂಬಿದ ಸಂತೋಷಕ್ಕೆ ತಂದೆತಾಯಿಗಳನ್ನು ಒಂದು ದ್ವೀಪಕ್ಕೆ ಕರೆದೊಯ್ಯಬೇಕೆಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನ ಸಂಕಲ್ಪ ಮಾಡಿದ್ದ. ಅವನ ಸಂಕಲ್ಪದಲ್ಲಿ ಇನ್ನೊಂದು ಅಂಶವಿತ್ತು.

“ಅಪ್ಪ ಮೂವತ್ತು ವರ್ಷ ಬ್ಯಾರನ್ ಮುಂದೆ ನಿದ್ದೆಗೆಟ್ಟಿದ್ದಾರೆ, ಭಾವ. ಅವ್ವನಿಗೆ ಮಂಡಿನೋವು. ಇಬ್ಬರೂ ಒಂದು ಸಲವಾದರೂ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಲಿ. ಯಾವ ವಿಮಾನ ಒಳ್ಳೆಯದು, ನೀವೇ ನೋಡಿ ಹೇಳಿ” ಎಂದ.

ಇದು ಬರಿಯ ಶೋಕಿಯ ಮಾತಾಗಿದ್ದರೆ ಉತ್ತರ ಸುಲಭವಾಗಿತ್ತು. ಮಗನೊಬ್ಬನು ತಂದೆಯ ಕೆಟ್ಟ ನಿದ್ದೆಗಳಿಗೆ ಸಲ್ಲಿಸಬಯಸಿದ ಕಾಣಿಕೆ ಅದು. ಅಂಥದನ್ನು ಬರಿಯ ರೂಪಾಯಿಯ ತಕ್ಕಡಿಯಲ್ಲಿ ತೂಗಿ ಬೇಡವೆನ್ನುವುದು ಸಲ್ಲ. ಆದರೆ ಕಾಣಿಕೆ ಸಲ್ಲಬೇಕಾದವರಿಗೆ ಸಲ್ಲುವುದೋ ಇಲ್ಲವೋ ಎಂದು ನೋಡುವುದು ಮಾತ್ರ ಅವಶ್ಯವಾಗಿತ್ತು.

ಮೂರು ದ್ವೀಪಗಳು

ಮೊದಲು ಲಕ್ಷದ್ವೀಪವನ್ನು ನೋಡಿದೆವು. ಕನ್ನಡಿಗರಿಗೆ ಅದು ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ಉತ್ತರದ ದ್ವೀಪಗಳು ಟಿಪ್ಪುವಿನ ಅಧೀನದಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ವಶವಾದುವು. ಅನಂತರ 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅವುಗಳ ಕಾಗದಪತ್ರಗಳ ದಾರಿ ಮಂಗಳೂರಿನ ಮೂಲಕವೇ ಇತ್ತು. ಈಗ ಅಲ್ಲಿಗೆ ಹೋಗುವ ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ. 2024ರ ಮಾರ್ಚಿ 31ರಂದು ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಆರಂಭವಾಯಿತು.

ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಉದ್ದ. ಎರಡು ಕೊನೆಗಳಲ್ಲಿಯೂ ನೀರು. ಅಲ್ಲಿ ಇಳಿಯಬಲ್ಲದ್ದು ರೆಕ್ಕೆಗಳಲ್ಲಿ ಪಂಖ ತಿರುಗುವ ಎ.ಟಿ.ಆರ್. ಜಾತಿಯ ಸಣ್ಣ ವಿಮಾನ. ಅದರಲ್ಲಿ ಸುಮಾರು 70–78 ಸೀಟುಗಳು, ಎಲ್ಲವೂ ಒಂದೇ ದರ್ಜೆಯವು. ಕೋಟ್ಯಧೀಶನಾಗಲಿ, ಕಾಲೇಜು ಉಪನ್ಯಾಸಕನಾಗಲಿ, ಅಗತ್ತಿಗೆ ಒಂದೇ ಬಗೆಯ ಸೀಟಿನಲ್ಲಿ ಮಂಡಿ ಮಡಿಸಿಕೊಂಡು ಹೋಗತಕ್ಕದ್ದು. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಕಥೆಯೂ ಇದೇ. ಅಲ್ಲಿಯ ರನ್‌ವೇ 1,740 ಮೀಟರ್ ಮಾತ್ರವಾದುದರಿಂದ ಅಲ್ಲಿಗೂ ಇಂಥ ಸಣ್ಣ ವಿಮಾನಗಳೇ ಬರುತ್ತವೆ. ಮೇಲ್ದರ್ಜೆಯ ವಿಚಾರ ಆರಂಭವಾಗುವುದು ಕೈಚೀಲದಿಂದಲ್ಲ, ರನ್‌ವೇಯ ಉದ್ದದಿಂದ ಎಂಬುದು ಮೊದಲ ಪಾಠ. ಇದಲ್ಲದೆ ಲಕ್ಷದ್ವೀಪಕ್ಕೆ ಭಾರತೀಯರೂ ಮುಂಚಿತವಾಗಿ ಪ್ರವೇಶಪತ್ರ ಪಡೆಯಬೇಕು.

ಎರಡನೆಯದು ಮಾಲ್ಡೀವ್ಸ್. ಬೆಂಗಳೂರಿನಿಂದ ಅದರ ರಾಜಧಾನಿ ಮಾಲೆಗೆ ಸುಮಾರು 1,100 ಕಿಲೋಮೀಟರ್. ನೇರವಾಗಿ ಹಾರಿದರೆ ಎರಡು ಗಂಟೆಯ ಮಾತು. ನಾವು ಕೊಲಂಬೊ, ದುಬೈ, ಸಿಂಗಪುರಗಳ ಮೂಲಕ ಹೋಗುವ ದೊಡ್ಡ ಸಂಸ್ಥೆಗಳ ಮೇಲ್ದರ್ಜೆಗಳನ್ನೂ ಪರಿಶೀಲಿಸಿದೆವು. ದುಬೈ ದಾರಿ ಹಿಡಿದರೆ ಮೊದಲು ಪಶ್ಚಿಮಕ್ಕೆ 2,700 ಕಿಲೋಮೀಟರ್ ಹೋಗಿ, ಅಲ್ಲಿಂದ ಮತ್ತೆ 3,000 ಕಿಲೋಮೀಟರ್ ಹಿಂದಿರುಗಿ ಬರಬೇಕು. ಎರಡು ಗಂಟೆಯ ಊರಿಗೆ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ಒಪ್ಪಿಸಿದಂತಾಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ. ಸೀಟು ಎಷ್ಟೇ ಮೆತ್ತಗಿದ್ದರೂ ನಡುದಾರಿಯ ನಿಲ್ದಾಣದಲ್ಲಿ ಇಳಿದು, ಮೈಲಿಗಟ್ಟಲೆ ನಡೆದು, ಇನ್ನೊಂದು ವಿಮಾನ ಹತ್ತಬೇಕಾದುದು ನೋಯುವ ಮಂಡಿಗಳೇ. ಮೇಲಾಗಿ, ಅತ್ತೆಯವರಿಗೆ ಪಾಸ್‌ಪೋರ್ಟ್ ಇರಲಿಲ್ಲ.

ಮೂರನೆಯದು ಅಂಡಮಾನ್. ಪೋರ್ಟ್ ಬ್ಲೇರ್ ನಗರಕ್ಕೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು. ಬೆಂಗಳೂರಿನಿಂದ ಸುಮಾರು 1,640 ಕಿಲೋಮೀಟರ್ ಪೂರ್ವಕ್ಕಿದೆ; ಎರಡೂವರೆ ಗಂಟೆಯ ಹಾರಾಟ. ಅಲ್ಲಿಯ ರನ್‌ವೇ 3,000 ಮೀಟರಿಗೂ ಉದ್ದವಾದುದರಿಂದ ಎ-320 ಜಾತಿಯ ಜೆಟ್ ವಿಮಾನಗಳು ಇಳಿಯುತ್ತವೆ. ಪಾಸ್‌ಪೋರ್ಟ್ ಬೇಡ, ಪ್ರವೇಶಪತ್ರ ಬೇಡ. ದ್ವೀಪ ಯಾವುದೆಂಬುದು ಹೀಗೆ ತೀರ್ಮಾನವಾಯಿತು. ಇನ್ನು ಉಳಿದದ್ದು ಸೀಟಿನ ಪ್ರಶ್ನೆ.

ಅಂಗುಲಗಳ ಲೆಕ್ಕ

ಮೇಲ್ದರ್ಜೆ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ಪ್ರಯಾಣಿಕರು ಮೊದಲು ತಿಳಿಯತಕ್ಕದ್ದು. ಖಂಡಾಂತರ ಹಾರುವ ಅಗಲವಾದ ವಿಮಾನಗಳ ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಪೂರ್ತಿ ಹಾಸಿಗೆಯಾಗಬಲ್ಲದು. ನಮ್ಮ ದೇಶದೊಳಗೆ ಹಾರುವ ಕಿರಿದಾದ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಸಾಮಾನ್ಯವಾಗಿ ಅಗಲವಾದ ಕುರ್ಚಿ; ಒರಗಬಹುದು, ಮಲಗುವಂತಿಲ್ಲ. ಇವೆರಡರ ಕೆಳಗೆ ಪ್ರೀಮಿಯಂ ಎಕಾನಮಿ ಎಂಬ ನಡುವಿನ ದರ್ಜೆ. ಭಾರತದಲ್ಲಿ ಅದನ್ನು ಮೊದಲು ತಂದದ್ದು 2015ರ ಜನವರಿಯಲ್ಲಿ ಹಾರಾಟ ಆರಂಭಿಸಿದ ವಿಸ್ತಾರಾ. ಆ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅಲ್ಲಿಂದ ಬಂದ ಎ-320 ವಿಮಾನಗಳಲ್ಲಿ 8 ಬಿಸಿನೆಸ್, 24 ಪ್ರೀಮಿಯಂ, 132 ಸಾಧಾರಣ ಸೀಟುಗಳು. ಬಹುಕಾಲ ಒಂದೇ ದರ್ಜೆಯನ್ನು ವ್ರತದಂತೆ ಪಾಲಿಸಿದ ಇಂಡಿಗೊ ಸಂಸ್ಥೆಯೂ 2024ರ ನವೆಂಬರಿನಲ್ಲಿ, ದೆಹಲಿ–ಮುಂಬಯಿ ಮಾರ್ಗದಿಂದ ಮೊದಲುಗೊಂಡು, ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ 12 ಅಗಲ ಸೀಟುಗಳನ್ನು ಮುಂಭಾಗದಲ್ಲಿ ಇರಿಸಿತು.

ಕಾಲಿಗೆ ದೊರೆಯುವ ಸ್ಥಳವನ್ನು ಅಂಗುಲಗಳಲ್ಲಿ ಅಳೆಯುತ್ತಾರೆ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ಅಂತರ ಅದು. ಸಾಧಾರಣ ದರ್ಜೆಯಲ್ಲಿ ಈ ಅಂತರ 29ರಿಂದ 31 ಅಂಗುಲ, ‘ಸ್ಟ್ರೆಚ್’ನಲ್ಲಿ 38. ಎಂದರೆ ಏಳರಿಂದ ಒಂಬತ್ತು ಅಂಗುಲದ ವ್ಯತ್ಯಾಸ. ಮಂಡಿನೋವಿನವರಿಗೆ ಒಂಬತ್ತು ಅಂಗುಲ ಅಲ್ಪವಲ್ಲ. ಆದರೆ ಎಷ್ಟು ಹೊತ್ತಿಗೆ ಎಂಬುದನ್ನೂ ಕೇಳಬೇಕು. ಬೆಂಗಳೂರಿನಿಂದ ಬಾಲಿ ದ್ವೀಪಕ್ಕೆ ಹೋಗಲು ಆರು ಗಂಟೆಗಿಂತ ಹೆಚ್ಚು ಬೇಕು. ಅದೂ ರಾತ್ರಿಯ ಪ್ರಯಾಣವಾದರೆ ಒರಗುವ ಸೀಟು ಒಂದು ರಾತ್ರಿಯ ನಿದ್ದೆಯನ್ನು ಕೊಟ್ಟೀತು. ಎರಡೂವರೆ ಗಂಟೆಯ ಬೆಳಗಿನ ಹಾರಾಟದಲ್ಲಿ, ಪಟ್ಟಿ ಬಿಗಿದು, ಮೇಲೇರಿ, ತಿಂಡಿ ತಿಂದು, ಕಿಟಕಿಯಲ್ಲಿ ಇಣುಕುವಷ್ಟರಲ್ಲಿ ಇಳಿಯುವ ಸೂಚನೆ ಬಂದಿರುತ್ತದೆ.

ಮಾವನವರು ಇಷ್ಟೆಲ್ಲವನ್ನೂ ಕೇಳಿ, “ದುಡ್ಡಿನ ಮಾತು ಹೇಳಿ ಅಳಿಯಂದ್ರೆ” ಎಂದರು.

ವಿಮಾನದ ದರ ದಿನಕ್ಕೊಂದು ಬಗೆ. ಆದ್ದರಿಂದ ಲೆಕ್ಕದ ಅನುಕೂಲಕ್ಕೆ ಸಾಧಾರಣ ಸೀಟಿಗೆ 10,000 ರೂಪಾಯಿ, ಮೇಲ್ದರ್ಜೆಗೆ 30,000 ರೂಪಾಯಿ ಎಂದು ಇಟ್ಟುಕೊಂಡೆವು. ವ್ಯತ್ಯಾಸ 20,000. ಎರಡೂವರೆ ಗಂಟೆಗೆ ಹಂಚಿದರೆ ನಿಮಿಷಕ್ಕೆ 133 ರೂಪಾಯಿ. ಇದರ ಮೇಲೆ ಸರ್ಕಾರದ ಜಿ.ಎಸ್.ಟಿ. ಬೇರೆ. ಸಾಧಾರಣ ದರ್ಜೆಗೆ ನೂರಕ್ಕೆ 5; ಉಳಿದ ದರ್ಜೆಗಳಿಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18. ಹಾಗಾಗಿ ಹಿಂದಿನ ಸೀಟಿಗೆ 500 ರೂಪಾಯಿ ತೆರಿಗೆಯಾದರೆ ಮುಂದಿನ ಸೀಟಿಗೆ 5,400.

ಗಂಡಹೆಂಡಿರಿಬ್ಬರಿಗೆ ಹೋಗಿಬರಲು, ತೆರಿಗೆಯನ್ನು ಬಿಟ್ಟೇ, 80,000 ರೂಪಾಯಿ ಹೆಚ್ಚು. ಮಾವನವರು ಕಣ್ಣುಮುಚ್ಚಿ ಕ್ಷಣಕಾಲ ಯೋಚಿಸಿದರು. “ಕೆ.ಜಿ.ಗೆ ಇನ್ನೂರೈವತ್ತು ಅಂದ್ಕೊಂಡ್ರೂ ಮುನ್ನೂರಿಪ್ಪತ್ತು ಕೆ.ಜಿ. ಸೊಪ್ಪಾಯ್ತು. ನಿದ್ದೆಗೆಟ್ಟಿದ್ದಕ್ಕೆ ಕೊಡ್ತೀನಿ ಅಂದೆಯಲ್ಲ ಮಗಾ, ಅದನ್ನ ಬೇಯಿಸೋಕೆ ಎಷ್ಟು ರಾತ್ರಿ ನಿದ್ದೆಗೆಡಬೇಕು ಗೊತ್ತಾ?” ಎಂದರು. ಮಗ ಏನೂ ಹೇಳಲಿಲ್ಲ. ಹಣ ಅವನ ಸಂಬಳದ್ದೇ ಆಗಿದ್ದರೂ ತಂದೆಯ ಅಳತೆಗೋಲು ಬೇರೆಯಾಗಿತ್ತು.

ಗೊರೂರಿನವರ ಕನಸು, ಬೆಂಗಳೂರಿನವರ ಕನಸು

ಈ ಎರಡು ಅಳತೆಗೋಲುಗಳ ಜಗಳ ನಮ್ಮ ನಾಡಿನ ವಿಮಾನಯಾನದ ಚರಿತ್ರೆಯಲ್ಲಿಯೂ ನಡೆದಿದೆ. ಹೇಮಾವತಿ ತೀರದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯದಿಂದ ಹಿಂದಿರುಗಿ ಬೇಸಾಯ ಮಾಡಿದವರು. ಅವರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಹಾರಾಟ ಹುಬ್ಬಳ್ಳಿ–ಬೆಂಗಳೂರು ನಡುವೆ. ಒಂದೇ ದರ್ಜೆ, ಕಡಿಮೆ ದರ, ಬಿಟ್ಟಿ ಊಟವಿಲ್ಲ. ರೈಲಿನವನು ವಿಮಾನ ಹತ್ತಬೇಕು ಎಂಬುದು ಅವರ ಕನಸು. 2005ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಂದಿತು. ಸೀಟಿಗೊಂದು ಪರದೆ, ಒಳ್ಳೆಯ ಊಟ, ಬಳಿಕ ವೈಭವದ ಮೊದಲ ದರ್ಜೆ. 2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್ನನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 2010ರಲ್ಲಿ ಮಂಡಕಳ್ಳಿಯಿಂದ ಪ್ರಯಾಣಿಕರನ್ನು ಹೊತ್ತು ಮೇಲೇರಿದ್ದೂ ಅದರ ವಿಮಾನವೇ. 2012ರ ಅಕ್ಟೋಬರಿನಲ್ಲಿ, ಸಾಲದ ಭಾರದಲ್ಲಿ, ಅದರ ಹಾರಾಟ ನಿಂತುಹೋಯಿತು.

ಇದರಿಂದ ವೈಭವ ಕೆಟ್ಟದ್ದು, ಮಿತವ್ಯಯವೇ ಧರ್ಮ ಎಂದು ನೀತಿ ತೆಗೆಯುವುದು ಅವಸರದ ಮಾತಾದೀತು. ಕಡಿಮೆ ದರದ ಸಂಸ್ಥೆಗಳೂ ಎಷ್ಟೋ ಮುಳುಗಿವೆ. ಆದರೆ ಪ್ರಯಾಣಿಕನು ಒಂದು ಮಾತನ್ನು ನೆನಪಿಡಬಹುದು. ಸಂಸ್ಥೆಯ ಹೆಸರು, ಬಣ್ಣ, ಗಗನಸಖಿಯರ ಉಡುಪು ಇವುಗಳಿಗೆ ಮರುಳಾಗಿ ಸೀಟು ಕೊಳ್ಳಬಾರದು. ತಾನು ಹೊರಟ ದಿನ, ತಾನು ಹೊರಟ ದಾರಿಯಲ್ಲಿ ಯಾವ ಜಾತಿಯ ವಿಮಾನ, ಅದರಲ್ಲಿ ಯಾವ ಸೀಟು ಎಂಬುದನ್ನು ನೋಡಿ ಕೊಳ್ಳಬೇಕು. ಮಾರ್ಚಿ ಕೊನೆಗೂ ಅಕ್ಟೋಬರ್ ಕೊನೆಗೂ ವೇಳಾಪಟ್ಟಿಗಳು ಬದಲಾಗುತ್ತವೆ. ಅವುಗಳೊಡನೆ ವಿಮಾನದ ಜಾತಿಯೂ ಬದಲಾದೀತು.

ನೆಲದ ಮೇಲಿನ ಮೇಲ್ದರ್ಜೆ

ಜಗುಲಿಯ ಚರ್ಚೆಗೆ ತಿರುವು ಕೊಟ್ಟದ್ದು ಅತ್ತೆಯವರ ಒಂದು ಮಾತು. “ಆಕಾಶದಲ್ಲಿ ಎರಡೂವರೆ ಗಂಟೆ ಕೂರೋದು ಏನು ಮಹಾ? ಬೆಂಗಳೂರಿಗೆ ಹೋಗೋಷ್ಟರಲ್ಲೇ ನನ್ನ ಮಂಡಿ ಸತ್ತಿರ್ತದೆ” ಎಂದರು.

ಅದು ನಿಜ. ಕಟ್ಟೆಮಳಲವಾಡಿಯಿಂದ ಹುಣಸೂರು, ಮೈಸೂರುಗಳನ್ನು ದಾಟಿ, 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಬೆಂಗಳೂರು ಸೇರಿ, ಊರನ್ನೆಲ್ಲ ಹಾದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಮುಟ್ಟುವುದಕ್ಕೆ ಇನ್ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ನಗರದ ವಾಹನಸಂದಣಿಯ ದಯೆಯಿದ್ದರೂ ಐದು ಗಂಟೆಯ ದಾರಿ, ಹಾರಾಟದ ಎರಡರಷ್ಟು. ಮೈಸೂರಿನಿಂದ ನೇರವಾಗಿ ನಿಲ್ದಾಣಕ್ಕೇ ಹೋಗುವ ಸಾರಿಗೆ ನಿಗಮದ ‘ಫ್ಲೈಬಸ್’ ಗಟ್ಟಿಮುಟ್ಟಾದವರಿಗೆ ಬಹಳ ಅನುಕೂಲ. ಆದರೆ ಅಂಡಮಾನಿನ ವಿಮಾನಗಳು ಹೆಚ್ಚಾಗಿ ಬೆಳಗಿನವು. ವಯಸ್ಸಾದವರು ರಾತ್ರಿಯಿಡೀ ಪ್ರಯಾಣ ಮಾಡಿ ನಸುಕಿನಲ್ಲಿ ಸಾಲಿನಲ್ಲಿ ನಿಲ್ಲುವುದು ಕಷ್ಟ. ದೇಹ ದಣಿಯುವುದು ನೆಲದ ಮೇಲೆ. ನಾವು ಹಣ ಚೆಲ್ಲಹೊರಟದ್ದು ಆಕಾಶದಲ್ಲಿ.

ಈ ಒಂದು ಅಂಶ ಹೊಳೆದ ಮೇಲೆ ಉಳಿದದ್ದೆಲ್ಲ ಸರಾಗವಾಯಿತು. ಕಾಲು ಚಾಚಬಹುದಾದ ಒಳ್ಳೆಯ ಕಾರು; ಹಿಂದಿನ ರಾತ್ರಿ ದೇವನಹಳ್ಳಿಯ ಬಳಿ ವಸತಿ; ವಿಮಾನದಲ್ಲಿ ಸಾಧಾರಣ ದರ್ಜೆಯ ಟಿಕೆಟ್ಟು; ಅತ್ತೆಯವರಿಗೆ ಮಾತ್ರ ಸ್ವಲ್ಪ ಹೆಚ್ಚು ಕೊಟ್ಟು ಮೊದಲ ಸಾಲಿನ ಸೀಟು. ತುರ್ತು ಬಾಗಿಲ ಬಳಿಯ ಸಾಲಿನಲ್ಲಿಯೂ ಕಾಲಿಗೆ ಸ್ಥಳ ಹೆಚ್ಚು. ಆದರೆ ಅಪಾಯದ ಹೊತ್ತಿನಲ್ಲಿ ಬಾಗಿಲು ತೆರೆಯಬಲ್ಲ ಶಕ್ತರಿಗೆ ಮಾತ್ರ ಅದು ಸಲ್ಲುತ್ತದೆ. ಗಾಲಿಕುರ್ಚಿಯ ಸಹಾಯಕ್ಕೆ ದರ್ಜೆಯ ಕಟ್ಟಿಲ್ಲ. ನಡೆಯಲಾಗದವರು 48 ಗಂಟೆ ಮುಂಚಿತವಾಗಿ ತಿಳಿಸಿದರೆ ಹಿಂದಿನ ಸಾಲಿನವರಿಗೂ ಅದು ದೊರೆಯುತ್ತದೆ. ಮೇಲ್ದರ್ಜೆಯ ಸೌಕರ್ಯದಲ್ಲಿ ಮಂಡಿಗೆ ಬೇಕಾದ ಭಾಗವಿಷ್ಟೂ ಹೀಗೆ ಬಿಡಿಬಿಡಿಯಾಗಿ ಕೈಗೆ ಬಂದಿತು. ಉಳಿದದ್ದು ಪಿಂಗಾಣಿ ತಟ್ಟೆ, ಮೆತ್ತನೆಯ ವಿಶ್ರಾಂತಿ ಕೊಠಡಿ, ಮೊದಲು ಇಳಿಯುವ ಗೌರವ. ಅವೂ ಸುಖವೇ, ಆದರೆ ಅವಿಲ್ಲದೆ ನಮಗೆ ನಡೆಯುತ್ತಿತ್ತು.

ಹಣ ಬಹಳಷ್ಟು ಉಳಿಯಿತು. ಅದನ್ನು ಏನು ಮಾಡುವುದೆಂದು ಭಾವಮೈದುನ ಕೇಳಿದಾಗ ಮಾವನವರು ಒಳಗಿನ ನಡುಮನೆಯತ್ತ ನೋಡಿದರು. ಅಲ್ಲಿ ಅವರ ಅಕ್ಕ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದು, ತಮ್ಮನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ಬ್ಯಾರನ್ನಿನ ಮುಂದೆ ತಮ್ಮನಷ್ಟೇ ನಿದ್ದೆಗೆಟ್ಟವರು. ಮೂರು ದಿನದ ಲೆಕ್ಕಾಚಾರದಲ್ಲಿ ಯಾರೂ ಅವರ ಹೆಸರೆತ್ತಿರಲಿಲ್ಲ.

“ಅಕ್ಕನೂ ಬರಲಿ” ಎಂದರು ಮಾವನವರು. ಅಷ್ಟೇ.

ಕಡಲಿನ ಮೇಲೆ

ನಾವು ಆರು ಮಂದಿ ಹೊರಟೆವು. ಸೋದರತ್ತೆಯವರಿಗೆ ಕಿಟಕಿಯ ಸೀಟು ಕೊಟ್ಟೆವು. ಪೂರ್ವ ತೀರ ಹಿಂದಾದ ಮೇಲೆ ಕೆಳಗೆ ನೀಲಿಯಲ್ಲದೆ ಬೇರೇನೂ ಇರಲಿಲ್ಲ. ಕೊನೆಯಲ್ಲಿ ಕಾಡು ಕವಿದ ದ್ವೀಪಗಳು ಒಂದೊಂದಾಗಿ ಕಾಣಿಸಿಕೊಂಡುವು. ಅವುಗಳ ಅಂಚಿನಲ್ಲಿ ಕಡಲು ಎಳೆಹಸುರು, ಅದರಾಚೆ ಗಿಳಿಹಸುರು, ಅದರಾಚೆ ಮತ್ತೆ ಕಡುನೀಲಿ. ಚಕ್ರಗಳು ನೆಲ ಮುಟ್ಟಿದಾಗ ಸೋದರತ್ತೆ, “ಇಷ್ಟು ಬೇಗ ಬಂದುಬಿಟ್ವಾ? ಇನ್ನೊಂದು ಗಳಿಗೆ ಕೂತಿರಬಹುದಿತ್ತು” ಎಂದರು.

ಒಂದು ಕಾಲಕ್ಕೆ ಈ ಊರಿಗೆ ಬರುವುದೆಂದರೆ ಕರಿನೀರಿನ ಶಿಕ್ಷೆ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲಿನ ಏಳು ರೆಕ್ಕೆಗಳಲ್ಲಿ ಈಗ ಮೂರು ಉಳಿದಿವೆ. ಒಂಟಿ ಕೋಣೆಗಳ ಆ ಉದ್ದ ಸಾಲಿನ ಮುಂದೆ ನಿಂತಾಗ, ಬೇಡಿ ತೊಟ್ಟು ಹಡಗಿನ ತಳದಲ್ಲಿ ಕುಳಿತು ದಿನಗಟ್ಟಲೆ ಬಂದವರ ನೆನಪಾಯಿತು. ಅಂಗುಲಗಳ ನಮ್ಮ ಚರ್ಚೆ ಆ ಅಂಗಳದಲ್ಲಿ ತಾನಾಗಿಯೇ ಮೌನವಾಯಿತು.

ಮೇಲ್ದರ್ಜೆಯನ್ನು ಕೊಳ್ಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ದೂರದ ದ್ವೀಪ, ರಾತ್ರಿಯ ಹಾರಾಟ, ನೋಯುವ ದೇಹ, ಹಾಸಿಗೆಯಾಗುವ ಸೀಟು ಇವು ನಾಲ್ಕೂ ಕೂಡಿಬಂದಲ್ಲಿ, ಶಕ್ತಿಯಿದ್ದರೆ, ಅಗತ್ಯವಾಗಿ ಕೊಳ್ಳಲಿ. ಹತ್ತಿರದ ದ್ವೀಪಕ್ಕೆ ಹಗಲಿನಲ್ಲಿ ಹಾರುವವರು ಮಾತ್ರ ಅದೇ ಹಣವನ್ನು ಒಮ್ಮೆ ನೆಲದ ಮೇಲೆ ಹರಡಿ ನೋಡುವುದು ಒಳ್ಳೆಯದು. ದಾರಿಯ ದಣಿವು ಎಲ್ಲಿದೆ, ಮನೆಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದವರು ಯಾರು ಎಂಬುದು ಆಗ ಕಾಣುತ್ತದೆ.

ಸ್ವರಾಜ್ ದ್ವೀಪದ ಬಿಳಿಯ ಮರಳಿನ ಮೇಲೆ ಸಂಜೆ ಕುಳಿತಿದ್ದೆವು. ಸೋದರತ್ತೆ ಸೆರಗು ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದರು. ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ ಮುಖ ಕಿವಿಚಿದರು. ಆಮೇಲೆ ತಮ್ಮನ ಕಡೆ ತಿರುಗಿ ಹೇಳಿದರು:

“ಇಷ್ಟೊಂದು ನೀರಿದ್ದೂ ಒಂದು ಮಡಿಗೆ ಹಾಯಿಸೋಕಾಗಲ್ವಲ್ಲೋ! ನಮ್ಮ ಕಟ್ಟೆಯೇ ವಾಸಿ.”